ನೋವು ಮೊದಲು ಹೇಳಿ, ಸ್ಕ್ಯಾನ್ ಆಮೇಲೆ

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಎದೆ (ಸ್ತನ) ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದವರದ್ದೇ ಜಾಸ್ತಿ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಭಯ. ಮೈಯೊಳಗೆ ಮತ್ತೆಲ್ಲಾದರೂ ಹರಡಿದೆಯಾ, ಅದು ಯಾವ ಸ್ಕ್ಯಾನ್‌ನಲ್ಲಿ ಕಾಣುತ್ತದೆ? ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಎರಡೂವರೆ ವರ್ಷದ ಹಿಂದೆ ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿತು. ಎರಡನೇ ಹಂತ ಅಂದರು. ಆಪರೇಷನ್, ಕೀಮೋ, ಕರೆಂಟ್ ಕೊಡೋದು ಎಲ್ಲ ಆಯ್ತು. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಚೆಕಪ್‌ಗೆ ಹೋದಾಗ ನಮ್ಮ ಡಾಕ್ಟರು ಮಾತಾಡಿಸಿ, ಕೈಯಲ್ಲಿ ಒತ್ತಿ ನೋಡಿ, ವರ್ಷಕ್ಕೊಂದು ಮ್ಯಾಮೋಗ್ರಾಂ (ಮೊಲೆಯ ಎಕ್ಸ್‌ರೇ) ಬರೆದುಕೊಡುತ್ತಾರೆ, ಅಷ್ಟೇ. ಬೆಂಗಳೂರಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೂ ಇದೇ ಕಾಯಿಲೆ. ಅವಳಿಗೆ ಆರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡುತ್ತಾರಂತೆ. ಹಳ್ಳಿಯವರು ಅಂತ ನಮ್ಮನ್ನು ಸುಮ್ನೆ ಸಾಗಹಾಕುತ್ತಿದ್ದಾರಾ? ಅಡಿಕೆ ಮಾರಿದ ದುಡ್ಡಿದೆ, ಮಾಡಿಸೇಬಿಡೋಣ ಅಂತಾನೆ ಮಗ.

ಉತ್ತರ: ಇಲ್ಲಮ್ಮ, ಸಾಗಹಾಕುತ್ತಿಲ್ಲ. ನಿಮ್ಮ ಡಾಕ್ಟರು ಮಾಡುತ್ತಿರುವುದೇ ಸರಿಯಾದ ಕ್ರಮ. ದುಡ್ಡಿಲ್ಲದವರಿಗೆ ಒಂದು ನಿಯಮ, ಇರುವವರಿಗೆ ಇನ್ನೊಂದು ಅಂತ ಇದರಲ್ಲಿ ಇಲ್ಲ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ, ಅಲ್ಲಿ ದುಡ್ಡಿಗೂ ಯಂತ್ರಕ್ಕೂ ಬರವಿಲ್ಲ, 2012ರಲ್ಲೇ ತನ್ನ ವೈದ್ಯರಿಗೆ ಹೇಳಿದೆ: ಎದೆ ಕ್ಯಾನ್ಸರ್ ಗುಣವಾಗಲಿ ಅಂತ ಚಿಕಿತ್ಸೆ ಪಡೆದು ಈಗ ಯಾವ ತೊಂದರೆಯೂ ಇಲ್ಲದವರಿಗೆ ಮೈಯೆಲ್ಲ ಜಾಲಾಡುವ ಪೆಟ್, ಸಿಟಿ, ಮೂಳೆ ನೋಡುವ ಬೋನ್ ಸ್ಕ್ಯಾನ್ ಮಾಡಿ ಹುಡುಕುತ್ತಾ ಕೂರಬೇಡಿ ಅಂತ.

ಯಾಕೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಬೇಗ ಕಂಡುಹಿಡಿದರೆ ಒಳ್ಳೆಯದು ಅಂತ ನಾವೇ ಅಲ್ವಾ ಊರೂರಿಗೆ ಹೋಗಿ ಹೇಳಿದ್ದು?

ಇಟಲಿಯಲ್ಲಿ ಇದನ್ನು ಎರಡು ದೊಡ್ಡ ಅಧ್ಯಯನಗಳಲ್ಲಿ ಪರೀಕ್ಷೆ ಮಾಡಿಯೇ ನೋಡಿದರು. ಒಂದರಲ್ಲಿ 1,320 ಹೆಂಗಸರು, ಇನ್ನೊಂದರಲ್ಲಿ 1,243. ಅರ್ಧ ಜನಕ್ಕೆ ಡಾಕ್ಟರ ತಪಾಸಣೆ, ಮ್ಯಾಮೋಗ್ರಾಂ ಮಾತ್ರ. ಉಳಿದರ್ಧಕ್ಕೆ ಅದರ ಜೊತೆಗೆ ತೊಂದರೆ ಇರಲಿ ಇಲ್ಲದಿರಲಿ, ಗೊತ್ತುಮಾಡಿದ ಸಮಯಕ್ಕೆ ಶ್ವಾಸಕೋಶ ನೋಡುವ ಎದೆಯ ಎಕ್ಸ್‌ರೇ, ಬೋನ್ ಸ್ಕ್ಯಾನ್, ಒಂದು ಅಧ್ಯಯನದಲ್ಲಿ ಲಿವರಿನ ಅಲ್ಟ್ರಾಸೌಂಡ್ ಕೂಡ. 1994ರಲ್ಲಿ ಎರಡರ ಫಲಿತಾಂಶವೂ ಬಂತು. ಎರಡು ಗುಂಪಿನವರೂ ಬದುಕಿದ್ದು ಒಂದೇ ಲೆಕ್ಕ. ಮೊದಲನೆಯದರಲ್ಲಿ ಸುಮಾರು ಆರು ವರ್ಷ ನೋಡಿದಾಗ ಹೆಚ್ಚು ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 20 ಜನ ತೀರಿಕೊಂಡಿದ್ದರು, ಮಾಡಿಸದವರಲ್ಲಿ 18. ಅಷ್ಟು ಚಿಕ್ಕ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಇನ್ನೊಂದನ್ನು ಹತ್ತು ವರ್ಷದವರೆಗೂ ನೋಡಿದರು, ಆಗಲೂ ಬದಲಾಗಲಿಲ್ಲ.

ಕಾರಣ ಹೇಳಲು ನನಗೂ ಕಷ್ಟ, ಆದರೂ ಮುಚ್ಚಿಡುವುದಿಲ್ಲ. ಎದೆಯಲ್ಲೇ ಇರುವ ಗಂಟು ಬೇಗ ಸಿಕ್ಕಿದರೆ ಅದನ್ನು ಬೇರುಸಹಿತ ತೆಗೆಯಬಹುದು. ಮೂಳೆಗೋ ಶ್ವಾಸಕೋಶಕ್ಕೋ ಲಿವರಿಗೋ ಹೋದ ಮೇಲೆ ಔಷಧಿಯಿಂದ ಅದನ್ನು ಹಿಡಿದಿಡಬಹುದು, ಎಷ್ಟೋ ಜನ ವರ್ಷಗಟ್ಟಲೆ ಮನೆಗೆಲಸ, ತೋಟದ ಕೆಲಸ ಎಲ್ಲ ಮಾಡಿಕೊಂಡೇ ಇರುತ್ತಾರೆ. ಆದರೆ ಪೂರ್ತಿ ಕಿತ್ತುಹಾಕುವುದು ಬಹಳ ಅಪರೂಪ. ಆ ಔಷಧಿಯನ್ನು ನೋವು ಬಂದ ಮೇಲೆ ಶುರು ಮಾಡಿದ್ದಕ್ಕೂ ನಾಲ್ಕು ತಿಂಗಳು ಮೊದಲೇ ಶುರು ಮಾಡಿದ್ದಕ್ಕೂ ಆಯಸ್ಸಿನಲ್ಲಿ ವ್ಯತ್ಯಾಸ ಕಂಡಿಲ್ಲ. ಕಾಯಿಲೆ ಬಂದಿದೆ ಅಂತ ಗೊತ್ತಾಗುವ ದಿನ ಮಾತ್ರ ಬೇಗ ಬರುತ್ತದೆ. ಆರಾಮಾಗಿ ಕಳೆಯಬಹುದಾಗಿದ್ದ ನಾಲ್ಕು ತಿಂಗಳು ಚಿಂತೆಯಲ್ಲಿ ಹೋಗುತ್ತದೆ.

ಆ ಅಧ್ಯಯನ ಹಳೆಯದಲ್ವಾ, ಆಗ ಪೆಟ್ ಇರಲಿಲ್ಲ, ಈಗಿನ ಔಷಧಿಗಳೂ ಇರಲಿಲ್ಲ ಅಂತ ಕೆಲವು ವೈದ್ಯರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ರಕ್ತದಲ್ಲಿ ಕ್ಯಾನ್ಸರಿನ ಚೂರು ಹುಡುಕುವ ಹೊಸ ಪರೀಕ್ಷೆಗಳ ಮೇಲೆ ಈಗ ಕೆಲಸ ನಡೆಯುತ್ತಿದೆ. ಅದರಿಂದ ಆಯಸ್ಸು ಹೆಚ್ಚುತ್ತದೆ ಅಂತ ಸಾಬೀತಾದ ದಿನ ಇದೇ ಪುಟದಲ್ಲಿ ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ಆರು ತಿಂಗಳಿಗೊಂದು ಪೆಟ್ ಸ್ಕ್ಯಾನ್ ಮಾಡಿಸಿ ಅಂತ ನಿಮಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಮ್ಮ ತಂಗಿಯ ವಿಷಯ ಬೇರೆ ಇರಬಹುದು. ಅವರಿಗೆ ಆಗಲೇ ಹರಡಿದ್ದರೆ, ಔಷಧಿ ಹಿಡಿಯುತ್ತಿದೆಯಾ ಅಂತ ನೋಡಲು ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕೇ ಬೇಕು. ಚಿಕಿತ್ಸೆ ಶುರುವಾಗುವ ಮೊದಲು ಗಂಟು ದೊಡ್ಡದಿದ್ದರೆ, ಕಂಕುಳಲ್ಲಿ ಗಂಟು ಜಾಸ್ತಿ ಇದ್ದರೆ, ಅಂದರೆ ಮೂರನೇ ಹಂತದಲ್ಲಿ, ಆಗಲೂ ಬೇಕು. ಅವರ ಮನೆಯ ಫೈಲ್ ನೋಡದೆ ನಿಮ್ಮದರ ಜೊತೆ ಹೋಲಿಸಬೇಡಿ.

ನಿಮ್ಮ ಲೆಕ್ಕ ಇಷ್ಟು. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರನ್ನು ಕಾಣಿ. ನಾಲ್ಕು, ಐದನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ. ಆಮೇಲೆ ವರ್ಷಕ್ಕೊಮ್ಮೆ, ಆದರೆ ನಿಲ್ಲಿಸಬೇಡಿ. ಲೆಟ್ರೊಜೋಲ್‌ನಂಥ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವಂಥ ಕ್ಯಾನ್ಸರ್ ಐದು ವರ್ಷ ಕಳೆದ ಮೇಲೂ, ಹತ್ತು ವರ್ಷ ಕಳೆದ ಮೇಲೂ ಎದ್ದು ಬರಬಹುದು. ಆ ದುಡ್ಡನ್ನು ಏನು ಮಾಡೋಣ ಅಂತ ಮಗ ಕೇಳಿದರೆ, ಮೂಳೆ ಸವೆತ ನೋಡುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ ಅಂತ ಡಾಕ್ಟರ ಹತ್ತಿರ ವಿಚಾರಿಸಲಿ. ಲೆಟ್ರೊಜೋಲ್ ಮೂಳೆಯನ್ನು ತೆಳ್ಳಗೆ ಮಾಡುತ್ತದೆ, ನಿಮಗೆ ನಿಜವಾಗಿ ಬೇಕಾದ ಸ್ಕ್ಯಾನ್ ಅದು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಯಾವ ಸ್ಕ್ಯಾನೂ ಕೊಡದ ರಕ್ಷಣೆಯನ್ನು ಅದು ಕೊಡುತ್ತದೆ.

ಪ್ರಶ್ನೆ: ನಮ್ಮದು ಸಾಗರ. ವಯಸ್ಸು 48. ನಾಲ್ಕು ವರ್ಷದ ಹಿಂದೆ ಎಡಗಡೆ ಆಪರೇಷನ್ ಆಗಿದೆ. ಈ ಸಲ ಕೊಯ್ಲಿನಲ್ಲಿ ಎರಡು ತಿಂಗಳು ಕೂತು ಅಡಿಕೆ ಸುಲಿದೆ, ಆಮೇಲೆ ಸೊಂಟ ನೋವು ಹೋಗಲೇ ಇಲ್ಲ. ಬೋನ್ ಸ್ಕ್ಯಾನ್ ಮಾಡಿದರು. ಸೊಂಟದ ಮೂಳೆಯಲ್ಲೂ ಎಡಗಡೆ ಒಂದು ಪಕ್ಕೆಲುಬಿನಲ್ಲೂ ಕಪ್ಪು ಚುಕ್ಕೆ ಇದೆಯಂತೆ. ನಾದಿನಿ ರಿಪೋರ್ಟ್ ಓದಿ ಅಳುತ್ತಾ ಕೂತಿದ್ದಾಳೆ. ಮುಗೀತಾ ಡಾಕ್ಟರೇ?

ಉತ್ತರ: ಮುಗಿದಿಲ್ಲ. ಇನ್ನೂ ಏನೂ ಗೊತ್ತೇ ಆಗಿಲ್ಲ. ನಾದಿನಿಗೂ ಇದನ್ನು ಓದಿ ಹೇಳಿ.

ಬೋನ್ ಸ್ಕ್ಯಾನ್ ಕ್ಯಾನ್ಸರನ್ನು ನೋಡುವುದಿಲ್ಲ, ಮೂಳೆ ಎಲ್ಲಿ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿದೆ ಅಂತ ನೋಡುತ್ತದೆ. ಟೆಕ್ನೀಷಿಯಂ ಅನ್ನುವ ವಸ್ತು ಸೇರಿಸಿದ ಇಂಜೆಕ್ಷನ್ ಕೊಟ್ಟು ಎರಡು ಮೂರು ಗಂಟೆ ಕೂರಿಸಿದ್ದರು ಅಲ್ವಾ, ಅದು ಆ ರಿಪೇರಿ ನಡೆಯುವ ಜಾಗಕ್ಕೆ ಹೋಗಿ ಕೂರುತ್ತದೆ, ಕ್ಯಾಮೆರಾದಲ್ಲಿ ಕಪ್ಪಗೆ ಕಾಣುತ್ತದೆ. ಕ್ಯಾನ್ಸರ್ ಮೂಳೆ ತಿಂದರೂ ರಿಪೇರಿ ನಡೆಯುತ್ತದೆ. ಸವೆದ ಕೀಲಿನಲ್ಲೂ ನಡೆಯುತ್ತದೆ. ಎರಡು ವರ್ಷದ ಹಿಂದೆ ಅಂಗಳದಲ್ಲಿ ಪಾಚಿ ಮೇಲೆ ಜಾರಿ ಬಿದ್ದಿದ್ದರೆ ಆ ಪೆಟ್ಟೂ ಕಾಣಬಹುದು. ಎದೆಗೆ ರೇಡಿಯೇಷನ್ ಕೊಟ್ಟ ಕಡೆಯ ಪಕ್ಕೆಲುಬು ಮೆತ್ತಗಾಗಿ, ನಿಮಗೇ ಗೊತ್ತಿಲ್ಲದೆ ಬಿರುಕು ಬಿಟ್ಟಿರುವುದೂ ಉಂಟು. ನಿಮ್ಮ ಚುಕ್ಕೆ ಇರುವುದೂ ಆಪರೇಷನ್ ಆದ ಎಡಗಡೆಯ ಪಕ್ಕೆಯಲ್ಲೇ, ಅದನ್ನು ಡಾಕ್ಟರಿಗೆ ನೆನಪು ಮಾಡಿ. ಮೆಟ್ಟುಗತ್ತಿ ಮುಂದೆ ಬೆನ್ನು ಬಗ್ಗಿಸಿ ಕೂತು ಇಪ್ಪತ್ತು ಮೂವತ್ತು ವರ್ಷ ಸುಲಿದ ಸೊಂಟ ಚುಕ್ಕೆ ಇಲ್ಲದೆ ಶುಭ್ರವಾಗಿ ಬರುವುದೇ ಕಡಿಮೆ.

ಹಾಗಂತ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ಎದೆ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗುವುದು ಮೂಳೆಗೇ. ನೋವು ಇತ್ತು, ಹೇಳಿದಿರಿ, ಸ್ಕ್ಯಾನ್ ಆಯ್ತು, ಈ ಕ್ರಮ ಸರಿ. ಮುಂದಿನ ಹೆಜ್ಜೆ ಆ ಎರಡು ಜಾಗವನ್ನು ಹತ್ತಿರದಿಂದ ನೋಡುವುದು. ಪಕ್ಕೆಲುಬಿಗೆ ಸಿಟಿ, ಸೊಂಟಕ್ಕೆ ಎಂಆರ್‌ಐ. ಎಂಆರ್‌ಐ ಮೂಳೆಯ ಒಳಗಿನ ಮಜ್ಜೆಯನ್ನೇ ತೋರಿಸುತ್ತದೆ, ಸವೆತ ಯಾವುದು, ಬೇರೆ ಯಾವುದು ಅಂತ ಬಹಳ ಮಟ್ಟಿಗೆ ಅಲ್ಲೇ ತಿಳಿಯುತ್ತದೆ. ಆಗಲೂ ಅನುಮಾನ ಉಳಿದರೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿ. ಹರಡಿದೆ ಅಂತ ಮೊದಲ ಸಲ ಹೇಳುವಾಗ, ಸಾಧ್ಯವಿರುವ ಕಡೆಯೆಲ್ಲ ಬಯಾಪ್ಸಿ ಮಾಡಿಯೇ ಹೇಳಬೇಕು. ಬರೀ ಚಿತ್ರ ನೋಡಿ ಕೀಮೋ ಶುರು ಮಾಡೋಣ ಅಂದರೆ, ಬಯಾಪ್ಸಿ ಯಾಕೆ ಬೇಡ ಅಂತ ಧೈರ್ಯವಾಗಿ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಮಲಗಿದರೆ ಕಡಿಮೆಯಾಗುವ, ಬಗ್ಗಿದರೆ ಜಾಸ್ತಿಯಾಗುವ ನೋವು ಹೆಚ್ಚಾಗಿ ಕೆಲಸದ್ದು. ಮಲಗಿದಾಗಲೂ ಬಿಡದ, ರಾತ್ರಿ ಎಬ್ಬಿಸುವ, ವಾರದಿಂದ ವಾರಕ್ಕೆ ಏರುವ ನೋವಿದ್ದರೆ ಎಂಆರ್‌ಐಯನ್ನು ಮುಂದೂಡಬೇಡಿ.

ಪ್ರಶ್ನೆ: ಅಮ್ಮನಿಗೆ 61, ಸಕ್ಕರೆ ಕಾಯಿಲೆ ಇದೆ. ಮೂರು ವರ್ಷದ ಹಿಂದೆ ಎದೆ ಕ್ಯಾನ್ಸರಿಗೆ ಚಿಕಿತ್ಸೆ ಆಗಿದೆ. ಈಗ ಒಂದೂವರೆ ತಿಂಗಳಿಂದ ಒಣ ಕೆಮ್ಮು, ತೂಕ ಇಳಿದಿದೆ. ಪೆಟ್ ಸಿಟಿ ಬರೆದಿದ್ದಾರೆ. ಸೊರಬದಿಂದ ಅಷ್ಟು ದೂರ ಹೋಗಬೇಕು. ಏನು ತಯಾರಿ ಬೇಕು, ಏನು ತಿಳಿಯುತ್ತದೆ?

ಉತ್ತರ: ತಮ್ಮಾ, ನಿಮ್ಮ ಅಮ್ಮನಿಗೆ ಪೆಟ್ ಬರೆದಿದ್ದು ಸರಿ. ಕೆಮ್ಮು ಇದೆ, ತೂಕ ಇಳಿದಿದೆ, ಹುಡುಕಲು ಕಾರಣ ಇದೆ.

ಪೆಟ್‌ನಲ್ಲಿ ಕೊಡುವುದು ಒಂದು ಥರದ ಸಕ್ಕರೆ, ಅದಕ್ಕೆ ಫ್ಲೋರಿನ್-18 ಅನ್ನುವ ವಿಕಿರಣದ ವಸ್ತು ಅಂಟಿಸಿರುತ್ತಾರೆ. ಚುರುಕಾಗಿ ಬೆಳೆಯುವ ಜೀವಕೋಶ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಆ ಜಾಗ ಬೆಳಗುತ್ತದೆ. ಅಮ್ಮನ ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಚಿತ್ರ ಮಂಕಾಗುತ್ತದೆ. 200 ದಾಟಿದ್ದರೆ ಎಷ್ಟೋ ಕಡೆ ವಾಪಸ್ ಕಳಿಸುತ್ತಾರೆ. ಅದಕ್ಕೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಸಕ್ಕರೆ ಕಾಯಿಲೆ ಅಂತ ಹೇಳಿ, ಇನ್ಸುಲಿನ್ ಯಾವಾಗ, ಮಾತ್ರೆ ಯಾವಾಗ ಅಂತ ಅವರಿಂದ ಬರೆಸಿಕೊಳ್ಳಿ. ನೀವೇ ಅಂದಾಜು ಮಾಡಬೇಡಿ. ಸ್ಕ್ಯಾನಿಗೆ ಮೊದಲು 4ರಿಂದ 6 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಸಕ್ಕರೆ ಹಾಕಿದ ಕಾಫಿ ಬೇಡ, ಬಾಯಲ್ಲಿ ಎಲೆ ಅಡಿಕೆಯೂ ಬೇಡ. ಹಿಂದಿನ ದಿನ ಕೊಟ್ಟಿಗೆ ಕೆಲಸ, ಹೊರೆ ಹೊರುವುದು ಬೇಡ, ದಣಿದ ಸ್ನಾಯುಗಳೂ ಬೆಳಗುತ್ತವೆ. ಚಳಿಯಲ್ಲಿ ನಡುಗಿದರೂ ಕುತ್ತಿಗೆ, ಭುಜದ ಹತ್ತಿರ ಇರುವ ಒಂದು ಬಗೆಯ ಕೊಬ್ಬು ಬೆಳಗಿ ಗೊಂದಲ ಮಾಡುತ್ತದೆ, ಅದಕ್ಕೆ ಸ್ವೆಟರ್, ಶಾಲು ಎರಡೂ ಇರಲಿ. ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಸುಮ್ಮನೆ ಮಲಗಿರಬೇಕು.

ಸಮಯಕ್ಕೆ ಸರಿಯಾಗಿ ತಲುಪುವುದು ಬಹಳ ಮುಖ್ಯ. ಆ ಔಷಧಿಯ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧ ಇಳಿದುಹೋಗುತ್ತದೆ, ಅದನ್ನು ಅಂದೇ ತಯಾರಿಸಿ ಅಂದೇ ಬಳಸಬೇಕು, ನಾಳೆಗೆ ಎತ್ತಿಡಲು ಆಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದಲ್ಲಿ ಮರ ಬಿದ್ದು ಬಸ್ ನಿಂತರೆ ನಿಮ್ಮ ಸರದಿ ಹೋದ ಹಾಗೆಯೇ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುವುದು ವಾಸಿ. ಹಳೆಯ ಸ್ಕ್ಯಾನ್‌ಗಳ ಸಿಡಿ, ಆಪರೇಷನ್ ಆದಾಗಿನ ಬಯಾಪ್ಸಿ ರಿಪೋರ್ಟ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಇತ್ತೀಚೆಗೆ ತೋಳಿಗೆ ಲಸಿಕೆ ಹಾಕಿಸಿದ್ದರೆ ಹೇಳಿ, ಆ ಕಡೆ ಕಂಕುಳ ಗಂಟು ಬೆಳಗಿ ಸುಳ್ಳು ಹೆದರಿಕೆ ಹುಟ್ಟಿಸುತ್ತದೆ. ಸ್ಕ್ಯಾನ್ ಆದ ದಿನ ಕೆಲವು ಗಂಟೆ ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡ, ಬಸುರಿ ಹೆಂಗಸರ ಪಕ್ಕ ಕೂರುವುದೂ ಬೇಡ. ನೀರು ಜಾಸ್ತಿ ಕುಡಿಯಲಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಈ ಸ್ಕ್ಯಾನ್ ಅದರಲ್ಲಿ ಸೇರುತ್ತದಾ, ಯಾವ ಆಸ್ಪತ್ರೆಯಿಂದ ಚೀಟಿ ಬೇಕು ಅಂತ ಹೊರಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ದುಡ್ಡು ಕಟ್ಟಿದ ಮೇಲೆ ಕೇಳಿದರೆ ವಾಪಸ್ ಬರುವುದು ಕಷ್ಟ.

ಇನ್ನು ರಿಪೋರ್ಟ್. ಬೆಳಗಿದ್ದೆಲ್ಲ ಕ್ಯಾನ್ಸರಲ್ಲ. ಕೆಮ್ಮು, ತೂಕ ಇಳಿಯುವುದು, ಎದೆಗೂಡಿನೊಳಗಿನ ಗಂಟುಗಳು ಬೆಳಗುವುದು, ಈ ಮೂರನ್ನೂ ಕ್ಷಯ ರೋಗವೂ ಮಾಡುತ್ತದೆ, ಅದೂ ಸಕ್ಕರೆ ಕಾಯಿಲೆ ಇದ್ದವರಿಗೆ ಬೇಗ ಹತ್ತುತ್ತದೆ. ಹರಡಿದೆ ಅಂತ ಕಣ್ಣೀರು ಹಾಕುತ್ತಾ ಬಂದವರ ಬಯಾಪ್ಸಿಯಲ್ಲಿ ಟಿಬಿ ಬಂದು, ಆರು ತಿಂಗಳು ಮಾತ್ರೆ ತಿಂದು ಗುಣವಾಗಿದ್ದನ್ನು ನಾನೇ ನೋಡಿದ್ದೇನೆ. ಕ್ಯಾನ್ಸರೇ ಆಗಿದ್ದರೂ ಬಯಾಪ್ಸಿ ಬೇಕು. ಮೊದಲ ಗಂಟಿನಲ್ಲಿ ಇದ್ದ ಹಾರ್ಮೋನ್ ಗುಣ, ಹರ್-2 ಅನ್ನುವ ಪ್ರೋಟೀನಿನ ಗುಣ ಹೊಸ ಜಾಗದಲ್ಲಿ ಬದಲಾಗಿರಬಹುದು, ಯಾವ ಔಷಧಿ ಅನ್ನುವುದು ಅದರ ಮೇಲೆ ನಿಂತಿದೆ. ಪೆಟ್‌ಗೂ ಕಾಣದ್ದು ಇದೆ. ಮಿದುಳು ಯಾವಾಗಲೂ ಸಕ್ಕರೆ ತಿನ್ನುವ ಅಂಗ, ಪೂರ್ತಿ ಬೆಳಗಿಯೇ ಇರುತ್ತದೆ, ಅದರೊಳಗಿನ ಚಿಕ್ಕ ಚುಕ್ಕೆ ಮುಚ್ಚಿಹೋಗುತ್ತದೆ. ಅಮ್ಮನಿಗೆ ಬಿಡದ ತಲೆನೋವು, ವಾಂತಿ, ಫಿಟ್ಸ್ ಏನಾದರೂ ಇದ್ದರೆ ಹೇಳಿ, ಅದಕ್ಕೆ ಬೇರೆ ಎಂಆರ್‌ಐ ಬೇಕಾಗುತ್ತದೆ.

ಪ್ರಶ್ನೆ: ಹೊಸನಗರ ಕಡೆಯವರು ನಾವು. ನನ್ನ ಹೆಂಡತಿಗೆ 45. ಚಿಕಿತ್ಸೆ ಮುಗಿದು ಎರಡು ವರ್ಷ ಆಗುತ್ತಾ ಬಂತು. ಎರಡು ತಿಂಗಳಿಂದ ಬೆನ್ನು ನೋವಿತ್ತಂತೆ, ನನಗೆ ಹೇಳಿರಲಿಲ್ಲ. ಮೂರು ದಿನದಿಂದ ಕಾಲು ಸೋಲುತ್ತಿದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಒಂದಕ್ಕೆ ಹೋಗಲೂ ಕಷ್ಟ. ಮುಂದಿನ ವಾರ ಚೆಕಪ್ ಇದೆ. ಅಲ್ಲಿಯವರೆಗೆ ಯಾವ ಎಣ್ಣೆ ಹಚ್ಚಬಹುದು?

ಉತ್ತರ: ಈ ಪತ್ರ ಓದಿದ ಕೂಡಲೇ ಅವರಿಗೆ ಫೋನ್ ಮಾಡಿದೆ. ಅಂದು ರಾತ್ರಿಯೇ ಗಾಡಿ ಮಾಡಿಕೊಂಡು ಹೊರಟರು. ಇಲ್ಲಿ ಹಾಕುತ್ತಿರುವುದು ನೀವೆಲ್ಲ ಓದಲಿ ಅಂತ, ಅವರ ಒಪ್ಪಿಗೆ ಪಡೆದೇ ಹಾಕಿದ್ದೇನೆ.

ಕ್ಯಾನ್ಸರ್ ಬೆನ್ನುಮೂಳೆಗೆ ಬಂದು ಒಳಗಿನ ನರದ ಹುರಿಯನ್ನು ಒತ್ತಿದರೆ ಹೀಗಾಗುತ್ತದೆ. ಬೆನ್ನು ನೋವಿನ ಜೊತೆ ಕಾಲು ಸೋಲುವುದು, ಜೋಮು ಹಿಡಿಯುವುದು, ಮೂತ್ರ ಮಲದ ಮೇಲೆ ಹಿಡಿತ ತಪ್ಪುವುದು, ಇದರಲ್ಲಿ ಯಾವುದಾದರೂ ಒಂದು ಕಂಡರೂ ಚೆಕಪ್ ದಿನ ಕಾಯಬೇಡಿ. ಎಂಆರ್‌ಐ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ‘ಎದೆ ಕ್ಯಾನ್ಸರ್ ಆಗಿತ್ತು, ಈಗ ಕಾಲು ಸೋಲುತ್ತಿದೆ’ ಅಂತ ಬಾಗಿಲಲ್ಲೇ ಹೇಳಿ. 24 ಗಂಟೆಯೊಳಗೆ ಇಡೀ ಬೆನ್ನುಹುರಿಯ ಎಂಆರ್‌ಐ ಆಗಬೇಕು. ಊತ ಇಳಿಸಲು ಸ್ಟೀರಾಯ್ಡ್ ಕೊಡುತ್ತಾರೆ, ಆಮೇಲೆ ರೇಡಿಯೇಷನ್ ಅಥವಾ ಆಪರೇಷನ್. ಚಿಕಿತ್ಸೆ ಶುರುವಾಗುವ ಹೊತ್ತಿಗೆ ನಡೆಯುತ್ತಿದ್ದವರು ಬಹುಪಾಲು ನಡೆಯುತ್ತಲೇ ಇರುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಬಂದವರು ಮತ್ತೆ ಎದ್ದು ನಡೆಯುವುದು ಕಡಿಮೆ. ಅದಕ್ಕೇ ಗಂಟೆಗಳ ಲೆಕ್ಕ. ಈ ಪತ್ರ ಬರೆದವರ ಹೆಂಡತಿ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ.

ನನ್ನ ಸೋದರತ್ತೆಯೂ ಹೀಗೇ ಹೇಳಿರಲಿಲ್ಲ. ಕೊಯ್ಲು ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಅಂತ ಅಂದುಕೊಂಡೇ ಐದು ತಿಂಗಳು ನೋವು ನುಂಗಿಕೊಂಡಿದ್ದರು. ಅವರು ಹೇಳಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ನಮ್ಮ ಕಡೆ ಹೆಂಗಸರಿಗೆ ನೋವು ಹೇಳಿಕೊಳ್ಳುವುದು ಅಂದರೆ ಮನೆಯವರಿಗೆ ತೊಂದರೆ ಕೊಟ್ಟ ಹಾಗೆ. ಸ್ಕ್ಯಾನ್ ಬೇಡ ಅಂತ ನಾನು ಮೇಲೆ ಬರೆದಿದ್ದೆಲ್ಲ, ಬಂದ ತೊಂದರೆಯನ್ನು ನೀವು ಬಾಯಿ ಬಿಟ್ಟು ಹೇಳುತ್ತೀರಿ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ನೀವು ಹೇಳದಿದ್ದರೆ ಆ ಲೆಕ್ಕವೇ ಬಿದ್ದುಹೋಗುತ್ತದೆ. ಎರಡು ಮೂರು ವಾರ ಕಳೆದರೂ ಹೋಗದ ಹೊಸ ನೋವು, ಕೆಮ್ಮು, ಉಬ್ಬಸ, ಬಲಗಡೆ ಪಕ್ಕೆಯ ಕೆಳಗೆ ಭಾರ, ಊಟ ಸೇರದಿರುವುದು, ಆಪರೇಷನ್ ಗಾಯದ ಹತ್ತಿರ ಅಥವಾ ಕಂಕುಳಲ್ಲಿ ಹೊಸ ಗಂಟು, ಏನಿದ್ದರೂ ಹೇಳಿ. ಗಂಡಂದಿರೇ, ಮಕ್ಕಳೇ, ಅವರು ಹೇಳದಿದ್ದರೆ ನೀವು ಕೇಳಿ.

ಪ್ರಶ್ನೆ: ಭದ್ರಾವತಿಯಿಂದ ಬರೆಯುತ್ತಿದ್ದೇನೆ. ಎದೆ ಕ್ಯಾನ್ಸರಿನ ಗುರುತು ನೋಡುವ ಸಿಎ 15-3 ರಕ್ತ ಪರೀಕ್ಷೆ ಪ್ರತಿ ಮೂರು ತಿಂಗಳಿಗೆ ನಾನೇ ಮಾಡಿಸುತ್ತೇನೆ. ಈ ಸಲ ಸ್ವಲ್ಪ ಏರಿದೆ. ಸಿಟಿ ಮಾಡಿಸಲಾ? ಅದರ ವಿಕಿರಣದಿಂದಲೇ ಮತ್ತೆ ಕ್ಯಾನ್ಸರ್ ಬರುತ್ತದೆ ಅಂತಾರೆ, ನಿಜವಾ?

ಉತ್ತರ: ತೊಂದರೆ ಏನೂ ಇಲ್ಲದವರಿಗೆ ಆ ರಕ್ತ ಪರೀಕ್ಷೆಯೂ ಬೇಡ. ಲಿವರ್ ತೊಂದರೆಯಿಂದಲೂ ಅದು ಏರುತ್ತದೆ, ಕ್ಯಾನ್ಸರ್ ಇದ್ದರೂ ಏರದೇ ಇರುತ್ತದೆ. ಈಗ ಏರಿದ ರಿಪೋರ್ಟ್ ಕೈಯಲ್ಲಿರುವುದರಿಂದ ನಿಮ್ಮ ಡಾಕ್ಟರಿಗೆ ತೋರಿಸಿ, ಮೈ ಪರೀಕ್ಷೆ ಮಾಡಿಸಿಕೊಳ್ಳಿ, ಸಿಟಿ ಬೇಕಾ ಅಂತ ಅವರು ಹೇಳಲಿ. ವಿಕಿರಣದ ಮಾತು: ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಎಲ್ಲರ ಮೈಗೂ ತಾಗುತ್ತದೆ. ಎದೆಯ ಎಕ್ಸ್‌ರೇ ಸುಮಾರು 0.1, ಮ್ಯಾಮೋಗ್ರಾಂ 0.4ರ ಆಸುಪಾಸು, ಪೆಟ್ ಸಿಟಿ ಯಂತ್ರ ನೋಡಿಕೊಂಡು 10ರಿಂದ 25. ಕಾರಣ ಇದ್ದು ಮಾಡಿಸುವ ಒಂದು ಸ್ಕ್ಯಾನಿಗೆ ಹೆದರಬೇಡಿ. ಕಾರಣವಿಲ್ಲದೆ ವರ್ಷಕ್ಕೆರಡರಂತೆ ಕೂಡಿಸಿಕೊಳ್ಳಬೇಡಿ.

ಪ್ರಶ್ನೆ: ಕೊಪ್ಪ. ನನಗೆ 58. ಒಂದು ಮೊಲೆ ಪೂರ್ತಿ ತೆಗೆದಿದ್ದಾರೆ. ಆದರೂ ಮ್ಯಾಮೋಗ್ರಾಂ ಅಂತಾರೆ. ಯಾವುದಕ್ಕೆ?

ಉತ್ತರ: ಉಳಿದ ಇನ್ನೊಂದಕ್ಕಮ್ಮ. ಒಂದು ಕಡೆ ಬಂದವರಿಗೆ ಇನ್ನೊಂದು ಕಡೆ ಹೊಸದಾಗಿ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಅಲ್ಲಿ ಬೇಗ ಸಿಕ್ಕಿದರೆ ನಿಜವಾಗಿಯೂ ಗುಣವಾಗುತ್ತದೆ. ತೆಗೆದ ಕಡೆಗೆ ಮ್ಯಾಮೋಗ್ರಾಂ ಬೇಡ, ಡಾಕ್ಟರು ಕೈಯಲ್ಲಿ ನೋಡಿದರೆ ಸಾಕು. ಗಂಟು ಮಾತ್ರ ತೆಗೆದು ಮೊಲೆ ಉಳಿಸಿದವರಿಗೆ ಎರಡೂ ಕಡೆ ಬೇಕು, ಆದರೆ ರೇಡಿಯೇಷನ್ ಮುಗಿದು 6 ತಿಂಗಳಾದರೂ ಕಳೆದಿರಬೇಕು. ಇದಕ್ಕೆ ಘಟ್ಟ ಇಳಿಯುವುದೂ ಬೇಡ, ಬೆಂಗಳೂರೂ ಬೇಡ, ಶಿವಮೊಗ್ಗದಲ್ಲೇ ಆಗುತ್ತದೆ, ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರಬಹುದು. ದೀಪಾವಳಿಗೆ ಮೊದಲೇ ಮಾಡಿಸಿಬಿಡಿ. ಆಮೇಲೆ ಕೊಯ್ಲು ಶುರುವಾದರೆ ನೀವು ಮನೆ ಬಿಟ್ಟು ಹೊರಡುವುದಿಲ್ಲ ಅಂತ ನನಗೆ ಗೊತ್ತು.